ಜಾತ್ಯತೀತ

ಕಮಲನಾರಾಯಣ ದೇವಾಲಯದಿಂದ ಖ್ಯಾತವಾದ ದೇಗಾಂವದ ಸೀಮೆಯಲ್ಲಿ, ಕಿತ್ತೂರ ಸಂತೆಯಲ್ಲಾಗಲಿ ಬೈಲಹೊಂಗಲದ ಬಸ್ಸಿನಲ್ಲಾಗಲಿ, ‘ನಿಮ್ಮದ್ಯಾವ ಜಾತಿರೀ?’ ಎಂಬ ಪ್ರಶ್ನೆಗೆ ‘ಲಿಂಗಾಯತರು’, ‘ಮುಸಲರು’, ‘ಕ್ರಿಶ್ಚನ್ರು’ ಎಂಬ ಉತ್ತರಗಳು ಒಂದೇ ಸಾಲಿನಲ್ಲಿ ಬರುವುವು; ಕುಲಕ್ಕೂ ಮತಕ್ಕೂ ಜನರ ನಾಲಗೆಗೆ ಆ ಒಂದು ಪದವೇ ಸಾಕು. ‘ಸೆಕ್ಯುಲರ್’ ಎಂಬುದನ್ನು ಕನ್ನಡಿಗರು ‘ಜಾತ್ಯತೀತ’ ಎಂದುದು ಈ ರೂಢಿಗೆ ಅನುಗುಣವಾಗಿಯೇ ಇದೆ. ಪಂಡಿತರು ಇದನ್ನು ದೋಷವೆಂದು ಎಣಿಸುವುದುಂಟು. ಮೂಲಕ್ಕಿಂತ ಹಿರಿದಾದ ಹೊಣೆಯನ್ನು ಹೊತ್ತ ಪದವೆಂದು ನಾನು ಇದನ್ನು ಗೌರವಿಸುತ್ತೇನೆ.

ಮೂಲಪದವು ಬೆಳೆದುದು ಕ್ರೈಸ್ತಸಭೆಯ ಮಡಿಲಲ್ಲಿಯೇ. ಸಂನ್ಯಾಸಿಸಂಘದ ಕಟ್ಟಳೆಗೆ ಒಳಪಡದೆ ಊರವರ ನಡುವೆ ಬಾಳುವ ಪಾದ್ರಿಗೆ ಸಲ್ಲುತ್ತಿದ್ದ ಆ ವಿಶೇಷಣದಿಂದ 1851ರಲ್ಲಿ ಇಂಗ್ಲೆಂಡಿನ ಹೋಲಿಯೋಕನು ಒಂದು ತತ್ತ್ವದ ಹೆಸರನ್ನೇ ಮಾಡಿದನು. ಅಲ್ಲಿನ ಕಲಹವು ಸಿಂಹಾಸನಕ್ಕೂ ಧರ್ಮಪೀಠಕ್ಕೂ ನಡೆದುದು.

ನಮ್ಮ ಕಲಹದ ಮೂಲ ಬೇರೆ. ಕುಲವನ್ನು ಮೀರಹೊರಟ ಶರಣರು ಕಲ್ಯಾಣದಿಂದ ಚದುರಿ ಮಲಪ್ರಭೆಯ ತಡಿಯ ಈ ಹಾದಿಯಾಗಿಯೇ ಉಳವಿಗೆ ನಡೆದರೆಂದೂ, ಬಸವಣ್ಣನ ಮಡದಿ ಗಂಗಾಂಬಿಕೆಯು ಎಂ.ಕೆ. ಹುಬ್ಬಳ್ಳಿಯಲ್ಲಿ ಐಕ್ಯಳಾದಳೆಂದೂ ಪ್ರತೀತಿಯಿದೆ. 1820ರಲ್ಲಿ ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದಾಗ, ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಎಂಬ ಭೇದವನ್ನು ಅಲ್ಲಗಳೆದ ಪೌಲನ ಪತ್ರಿಕೆಯೂ ಅವರ ಸಂಗಡ ಬಂದಿತು. ಊರು ಮಾತ್ರ ಆ ವಿಶ್ವಾಸವನ್ನು ಮತ್ತೊಂದು ಜಾತಿಯೆಂದೇ ಎಣಿಸಿತು. ದೀಕ್ಷೆ ಪಡೆದವನು ‘ಜಾತಿ ಕೆಟ್ಟವನು’ ಎನಿಸಿಕೊಂಡನು. ಅದೇ ದೀಕ್ಷೆಯನ್ನು ಪಡೆದವರೂ ಮಗಳ ಲಗ್ನದ ಮಾತು ಬಂದಾಗ ಹಳೆಯ ಕುಲವನ್ನೇ ಅರಸಿದುದುಂಟು.

1976ರ ನಾಲ್ವತ್ತೆರಡನೆಯ ತಿದ್ದುಪಡಿಯು ‘ಸೆಕ್ಯುಲರ್’ ಎಂಬ ಪದವನ್ನು ಸಂವಿಧಾನದ ಪ್ರಸ್ತಾವನೆಗೆ ಸೇರಿಸಿತು. ಆದರೂ 1950ರ ಪರಿಶಿಷ್ಟ ಜಾತಿಗಳ ಆದೇಶವು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆದು, ಯೇಸುವನ್ನು ನಂಬಿದ ದಲಿತನನ್ನು ಹೊರಗೇ ನಿಲ್ಲಿಸಿದೆ. ಕರ್ನಾಟಕದ ಮೀಸಲಾತಿ ಪಟ್ಟಿಯಲ್ಲಿ ಅವನು ಪ್ರವರ್ಗ-1ಕ್ಕೆ ಸೇರುತ್ತಾನೆ. ಉಳಿದ ಕ್ರೈಸ್ತರು 3ಬಿಗೆ. ಅವನ ಪೂರ್ವಕುಲವನ್ನು ರಾಜ್ಯವೂ ಮರೆತಿಲ್ಲ, ನೆರೆಹೊರೆಯೂ ಮರೆತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ದೇವರನ್ನು ಬಹಿರಂಗದ ಬಾಳಿನಿಂದ ಹೊರದೂಡಬೇಕೆಂಬ ವಾದವು ಈ ದುಃಖವನ್ನು ಮುಟ್ಟಲಾರದು. ಇಲ್ಲಿ ವಿಶ್ವಾಸಿಯೂ ಆಳುವವನೂ ‘ಜಾತ್ಯತೀತ’ ಎಂಬ ಒಂದೇ ಪದಕ್ಕೆ ಬದ್ಧರು: ಸಭೆಯು ತನ್ನ ಪಂಕ್ತಿಯಲ್ಲಿ, ಲಗ್ನದಲ್ಲಿ, ಸಮಾಧಿಭೂಮಿಯಲ್ಲಿ ಕುಲವನ್ನು ಎಣಿಸದಿರಲಿ, ಸರಕಾರವು ಅವನನ್ನು ಹೊರಗಿಡುವ, 1950ರ ಆ ಆದೇಶದ ಮೂರನೆಯ ಪರಿಚ್ಛೇದವನ್ನು ತೆಗೆದುಹಾಕಲಿ.