ಬಗ್ಗಿದ ತಲೆಯೊಳಗೆ

ಗುಲಾಮ ತಲೆ ಬಗ್ಗಿಸಿದ್ದನ್ನು ಧಣಿಗಳು ಬರೆದಿಟ್ಟರು. ಬಗ್ಗಿದ ತಲೆಯೊಳಗೆ ಏನಿತ್ತು ಅನ್ನೋದನ್ನ ಗುಲಾಮನೇ ಬರೀಬೇಕಾಯ್ತು.

ಅಮೆರಿಕದ ಮೇರಿಲ್ಯಾಂಡಿನಲ್ಲಿ ಕರ್ನಲ್ ಲಾಯ್ಡ್ ಎಂಬ ಜಮೀನ್ದಾರ. ಅವನ ಆಳುಗಳಲ್ಲಿ ಎಷ್ಟೋ ಮಂದಿಗೆ ಅವನ ಮುಖವೇ ಗೊತ್ತಿರಲಿಲ್ಲ. ಒಮ್ಮೆ ದಾರೀಲಿ ಸಿಕ್ಕ ಆಳನ್ನು, ನಿನ್ನ ಧಣಿ ಚೆನ್ನಾಗಿ ನೋಡಿಕೊಳ್ಳುತ್ತಾನಾ ಎಂದು ಕೇಳಿದ. ಕೇಳುತ್ತಿರುವವನೇ ಧಣಿ ಎಂದರಿಯದ ಆಳು, ಇಲ್ಲ ಅಂದುಬಿಟ್ಟ. ಎರಡು ಮೂರು ವಾರದಲ್ಲಿ ಕೈಗೆ ಬೇಡಿ ಹಾಕಿ, ಮನೆಯವರಿಂದ ಕಿತ್ತು, ಜಾರ್ಜಿಯಾದ ವ್ಯಾಪಾರಿಗೆ ಮಾರಿದರು. ನಿಜಕ್ಕೆ ಸಿಕ್ಕ ಕೂಲಿ ಇದು. ಅದಕ್ಕೇ ಯಾರು ಕೇಳಿದರೂ, ನಮ್ಮ ಧಣಿ ಒಳ್ಳೆಯವರು ಅಂತಲೇ ಆಳುಗಳು ಹೇಳುತ್ತಿದ್ದರು.

1845ರಲ್ಲಿ ಇದನ್ನು ಬರೆದ ಫ್ರೆಡರಿಕ್ ಡಗ್ಲಾಸ್ ಈ ವಿದ್ಯೆಯಲ್ಲಿ ಪಳಗಿದವನೇ. 1838ರಲ್ಲಿ ಬಾಲ್ಟಿಮೋರಿನಲ್ಲಿ ಹಡಗು ಕಟ್ಟುವ ಕಡೆ ದುಡಿದು, ವಾರದ ಕೂಲಿಯನ್ನೆಲ್ಲ ಧಣಿ ಹ್ಯೂ ಆಲ್ಡ್‌ನ ಕೈಗಿಟ್ಟ. ಓಡಿಹೋಗುವ ದಿನ ಆಗಲೇ ಗೊತ್ತುಮಾಡಿಕೊಂಡಿದ್ದ. ಖುಷಿಯಾದ ಧಣಿ 25 ಸೆಂಟ್ ಇನಾಮು ಕೊಟ್ಟು, ಒಳ್ಳೇದಕ್ಕೆ ಬಳಸು ಅಂದ. ಡಗ್ಲಾಸ್ ಒಪ್ಪಿದ. ಸೆಪ್ಟೆಂಬರ್ 3ರಂದು ಊರು ಬಿಟ್ಟು ನ್ಯೂಯಾರ್ಕ್ ಸೇರಿದ.

ಕಾನೂನಿಗೆ ಅವನು ಖಳ, ಧಣಿಯ ಆಸ್ತಿ ಕದ್ದ ಕಳ್ಳ. ಕದ್ದದ್ದು ಏನನ್ನ? ತನ್ನನ್ನೇ.

1873ರಲ್ಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು, ಕರಿಯರ ಬೇಡಿ ಕಳಚಿದ ಅಮೆರಿಕದ ಜನಕ್ಕೆ ಅರ್ಪಿಸಿದರು. ಎರಡು ನೋವಿನ ನಂಟು ಅಂದೇ ಅವರಿಗೆ ಕಂಡಿತ್ತು. ನನಗೆ ಕಂಡದ್ದು ತಡವಾಗಿ. ಗೌಡರ ಜಗಲಿ ಕೆಳಗೆ ನಿಂತು ‘ಆಯ್ತು ಬುದ್ದಿ’ ಅಂತಿದ್ದ ಅಪ್ಪನನ್ನು ಹೇಡಿ ಅಂದಿದ್ದೆ. ಆ ರಾತ್ರಿಗಳಲ್ಲೇ ಅವನು ನನ್ನ ಪರೀಕ್ಷೆ ಫೀಸಿನ ಚಿಲ್ಲರೆ ಎಣಿಸುತ್ತಿದ್ದ.

ಗೆಳೆಯರೇ, ಬಗ್ಗಿದವರನ್ನೆಲ್ಲ ಸೋತವರೆಂದು ಬರೆಯೋದು ಧಣಿಗಳ ಚರಿತ್ರೆ. ನಾವೂ ಅದನ್ನೇ ಬರೆಯೋದು ಬೇಡ.