ಪಟ್ಟಣದ ಚಳಿಜ್ವರ ಮತ್ತು ಮದ್ದಿನ ಪರೀಕ್ಷೆ

ಶ್ರೀರಂಗಪಟ್ಟಣದ ಪತನವೆಂದರೆ ನಮಗೆ ನೆನಪಾಗುವುದು 1799ರ ಮೇ 4, ಟಿಪ್ಪು ಸುಲ್ತಾನರು ವೀರಮರಣವನ್ನಪ್ಪಿದ ದಿನ. ಆದರೆ ಕೋಟೆ ಗೆದ್ದ ಇಂಗ್ಲಿಷರನ್ನೂ ಆ ದ್ವೀಪದಲ್ಲಿ ಚಳಿಜ್ವರ ನೆಮ್ಮದಿಯಾಗಿ ಇರಗೊಡಲಿಲ್ಲ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಸುಲ್ತಾನರ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷದಷ್ಟಿತ್ತೆಂದು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜಿಸಿದ್ದಾನೆ. ಆಗ ಉಳಿದಿದ್ದವರು ಸುಮಾರು 32 ಸಾವಿರ. ಯುದ್ಧ ನಡೆದಿತ್ತು, ರಾಜಧಾನಿ ಮೈಸೂರಿಗೆ ಹೋಗಿತ್ತು. ಜ್ವರದ ಕಾಟ ಇವಕ್ಕೆ ಸೇರಿಕೊಂಡಿತು. ಕೆಲವೇ ವರ್ಷಗಳಲ್ಲಿ ಇಂಗ್ಲಿಷರ ದಂಡು ಬೆಂಗಳೂರಿಗೆ ಹೊರಟಿತು. ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಹಿರೋಡೆಯಲ್ಲಿ, ಅಂದರೆ ಇಂದಿನ ಪಾಂಡವಪುರದಲ್ಲಿ, ಒಂದು ಸೇನಾ ಠಾಣೆ ಉಳಿಯಿತು.

ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಆಗ ನಂಬಿದ್ದರು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಮದ್ದು ಮಾತ್ರ ಮೊದಲೇ ಗೊತ್ತಿತ್ತು: ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆ. 1820ರಲ್ಲಿ ಅದರಿಂದ ಕ್ವಿನೈನ್ ಬೇರ್ಪಡಿಸಿದರು. ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. 1860ರ ಸುಮಾರಿಗೆ ನಮ್ಮ ನೆರೆಯ ನೀಲಗಿರಿಯಲ್ಲಿ ಈ ಮರ ಬೆಳೆಸಲು ಆರಂಭಿಸಿದರು. ತೊಗಟೆಯಲ್ಲಿ ಕ್ವಿನೈನ್ ಜೊತೆ ಇನ್ನೂ ಮೂರು ಸತ್ವಗಳಿದ್ದವು. ಅವುಗಳಿಂದಲೂ ಜ್ವರ ಇಳಿದೀತೇ?

ಇದನ್ನು ತಿಳಿಯಲು ಮದ್ರಾಸ್ ಸರ್ಕಾರ 1866ರಲ್ಲಿ ವೈದ್ಯರ ಆಯೋಗವೊಂದನ್ನು ನೇಮಿಸಿತು. 1868ರೊಳಗೆ 2,472 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಕ್ವಿನೈನ್ ಪಡೆದ 846 ಮಂದಿಯಲ್ಲಿ 6, ಕ್ವಿನಿಡಿನ್ ಪಡೆದ 664ರಲ್ಲಿ 4, ಸಿಂಕೋನಿಡಿನ್ ಪಡೆದ 403ರಲ್ಲಿ 4, ಸಿಂಕೋನಿನ್ ಪಡೆದ 559ರಲ್ಲಿ 13 ಮಂದಿಗೆ ಮಾತ್ರ ಗುಣವಾಗಲಿಲ್ಲ. ದುಬಾರಿ ಕ್ವಿನೈನ್ ಒಂದನ್ನೇ ನೆಚ್ಚಬೇಕಿಲ್ಲ ಎಂಬುದು ಹೀಗೆ ಖಚಿತವಾಯಿತು. ಮುಂದೆ ಈ ಸತ್ವಗಳ ಮಿಶ್ರಣವೇ ಅಗ್ಗದ ಜ್ವರದ ಮದ್ದಾಯಿತು.

ಇಂದಿನ ಕಣ್ಣಿಗೆ ಆ ಪರೀಕ್ಷೆಯಲ್ಲಿ ಕೊರತೆಗಳು ಕಾಣುತ್ತವೆ. ಯಾರಿಗೆ ಯಾವ ಮದ್ದೆಂದು ಚೀಟಿ ಎತ್ತಿದಂತೆ ನಿರ್ಧರಿಸುವ ಪದ್ಧತಿ ನೆಲೆಯೂರಿದ್ದು 1948ರಲ್ಲಿ ಬ್ರಿಟನ್ನಿನ ಕ್ಷಯರೋಗ ಪರೀಕ್ಷೆಯಿಂದ. ರೋಗಿಯ ಒಪ್ಪಿಗೆ ಅನಿವಾರ್ಯವೆಂದು ಜಗತ್ತು ಸಾರಿದ್ದು 1947ರಲ್ಲಿ, ನಾಝಿ ವೈದ್ಯರ ವಿಚಾರಣೆಯ ನಂತರ.

ಕನ್ನಂಬಾಡಿಯ ನಾಲೆ ನೀರು ಹರಿದ ಮೇಲೆ 1930ರ ದಶಕದಲ್ಲಿ ಮಂಡ್ಯದ ಗದ್ದೆ ಬಯಲಿನಲ್ಲಿ ಮತ್ತೆ ಮಲೇರಿಯಾ ಕಾಣಿಸಿಕೊಂಡಿತು. ಭತ್ತ, ಕಬ್ಬಿನ ಸಮೃದ್ಧಿಯ ಜೊತೆಗೇ ಸೊಳ್ಳೆಯೂ ಬಂದಿತ್ತು. ಆಗಲೂ ಜನರ ಕೈಹಿಡಿದದ್ದು ಅದೇ ಕಹಿ ತೊಗಟೆಯ ಮದ್ದು.

ಇಂದು ಹೃದಯಕ್ಕಾಗಲಿ, ಶ್ವಾಸಕೋಶಕ್ಕಾಗಲಿ, ನಾವು ನುಂಗುವ ಮಾತ್ರೆಯ ಹಿಂದೆ ಇಂಥ ಪರೀಕ್ಷೆಗೆ ಮೈಯೊಡ್ಡಿದವರಿದ್ದಾರೆ. 2019ರ ನಿಯಮಗಳ ಪ್ರಕಾರ ಹೊಸ ಔಷಧದ ಪರೀಕ್ಷೆಗೆ ಒಳಗಾಗುವವರ ಒಪ್ಪಿಗೆ ಪಡೆಯಲೇಬೇಕು. ಪರೀಕ್ಷೆಯಿಂದ ಹಾನಿಯಾದರೆ ಪರಿಹಾರ ಕೊಡಬೇಕು. ನಾಗಮಂಗಲದ, ಕೆ.ಆರ್. ಪೇಟೆಯ ರೈತನಿಗೂ ಆ ಕಾಗದವನ್ನು ಅವನ ಭಾಷೆಯಲ್ಲೇ ಓದಿಸಿ ತಿಳಿಯುವ ಹಕ್ಕಿದೆ. ಆ 2,472 ಮಂದಿಯ ಕಾಲಕ್ಕೆ ಅಂಥದೊಂದು ಕಾನೂನೇ ಇರಲಿಲ್ಲ.