ತೇದಾಗ ಏಳುವ ವಾಸನೆ

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ, ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಮೂಗು ಒಂದಾದರೂ ಮಾತು ಹಲವು. ಶಾಲೆಯ ಕನ್ನಡದಲ್ಲಿ ಪರಿಮಳ ಎನಿಸಿಕೊಂಡದ್ದು ಹವ್ಯಕರ ಮನೆಯಲ್ಲಿ ಒತ್ತು ಸೇರಿಸಿಕೊಂಡು ‘ಪರಿಮ್ಮಳ’ವಾಗುತ್ತದೆ. ತುಳುವರಿಗೆ ಅದು ‘ಕಮ್ಮೆನ’, ಮಲಯಾಳದವರಿಗೆ ‘ಮಣಂ’, ಕೊಂಕಣಿ ಕ್ರೈಸ್ತರ ಬಾಯಲ್ಲಿ ‘ಪರ್ಮಳ್’. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಇಗರ್ಜಿಗಳ ನಂಟು ಮಾತ್ರ ಮಂಗಳೂರಿನ ಜೊತೆಗೇ ಉಳಿಯಿತು. ಬೇಳ, ಕಯ್ಯಾರು, ನಾರಂಪಾಡಿಯ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದವು. ಹಾಗಾಗಿ ಮಂಗಳೂರಿನ ಪ್ರವಚನದ ಪದಗಳೂ ಗಡಿ ದಾಟಿ ಸಲೀಸಾಗಿ ಇಲ್ಲಿಗೆ ಬರುತ್ತವೆ.

ಅಂಥ ಪದಗಳಲ್ಲಿ ಪರಿಮಳವೂ ಒಂದು. ಪಾದ್ರಿಯೊಬ್ಬರ ಬೀಳ್ಕೊಡುಗೆಯಾಗಲಿ, ಟೀಚರಮ್ಮನ ನಿವೃತ್ತಿಯಾಗಲಿ, ಹಿರಿಯರೊಬ್ಬರ ಮರಣದ ಪೂಜೆಯಾಗಲಿ, ‘ಕ್ರಿಸ್ತನ ಪರಿಮಳ ಬೀರಿ ಬಾಳಿದರು’ ಎನ್ನುವ ಮಾತು ಬಂದೇ ಬರುತ್ತದೆ. ಎಷ್ಟು ಸಲ ಬಂದಿದೆಯೆಂದರೆ ಕೇಳುವವರ ಮೂಗು ಈಗ ಅದಕ್ಕೆ ಅರಳುವುದಿಲ್ಲ. ಹೀಗೆ ಸವೆದ ಪದವನ್ನು ಒಮ್ಮೆ ತಿಕ್ಕಿ ನೋಡಬೇಕು. ಪರಿಮಳದ ವಿಷಯದಲ್ಲಂತೂ ಅದೇ ಸರಿಯಾದ ಕ್ರಮ.

ಏಕೆಂದರೆ ಸಂಸ್ಕೃತದ ನಿಘಂಟು ಅಮರಕೋಶ ಹಾಗೆಯೇ ಹೇಳುತ್ತದೆ. ವಾಸನೆಗಳ ವಿಷಯದಲ್ಲಿ ಅದರ ಕರ್ತೃ ಅಮರಸಿಂಹ ಬಲು ಕಟ್ಟುನಿಟ್ಟು. ಎಲ್ಲ ಒಳ್ಳೆಯ ವಾಸನೆಯೂ ಅವನಿಗೆ ಪರಿಮಳವಲ್ಲ. ತಿಕ್ಕಿ, ಉಜ್ಜಿ, ಅರೆದಾಗ ಎದ್ದು ಜನರ ಮನಸ್ಸನ್ನು ಸೆಳೆಯುವ ಗಂಧ ಪರಿಮಳ. ಬಹುದೂರ ಹಬ್ಬುವುದು ಆಮೋದ. ಮೂಗಿಗೆ ತೃಪ್ತಿ ಕೊಡುವುದು ಸುರಭಿ. ಸಾಣೆಕಲ್ಲು ಕಾಣದ ಗಂಧದ ಕೊರಡಿಗೆ ಈ ಲೆಕ್ಕದಲ್ಲಿ ಪರಿಮಳವೇ ಇಲ್ಲ. ಕನ್ನಡದ ಸ್ವಂತ ಮಾತು ಕಂಪು. ಹಳಗನ್ನಡದ ಕವಿಗಳಿಗೆ ನರುಗಂಪು. ಹಿಂದೆ ವಾಸನೆ ಬೀರುವುದಕ್ಕೆಲ್ಲ ಹೇಳುತ್ತಿದ್ದ ‘ನಾರು’ ಈಗ ಮೂಗು ಮುಚ್ಚಿಕೊಳ್ಳುವ ಕಡೆ ಮಾತ್ರ ಬಳಕೆಯಾಗುತ್ತಿದೆ. ಸಾಂಬ್ರಾಣಿಯ ಪಾಡೂ ಅಷ್ಟೇ: ದೇವರ ಮುಂದೆ ಹೊಗೆಯಾಗುವ ವಸ್ತುವಿನ ಹೆಸರು ಹಿಡಿದು ಕನ್ನಡಿಗರು ದಡ್ಡನನ್ನು ಬೈಯುತ್ತಾರೆ. ಪರಿಮಳ ಮಾತ್ರ ಮಾನ ಉಳಿಸಿಕೊಂಡಿತು. ದ್ವೈತ ಗ್ರಂಥ ‘ನ್ಯಾಯಸುಧಾ’ಕ್ಕೆ ರಾಘವೇಂದ್ರ ಸ್ವಾಮಿಗಳು ಬರೆದ ಟಿಪ್ಪಣಿಯ ಹೆಸರು ‘ಪರಿಮಳ’, ಅದರಿಂದಲೇ ಅವರು ಪರಿಮಳಾಚಾರ್ಯರು. ಮಂತ್ರಾಲಯದ ಪ್ರಸಾದವೂ ಪರಿಮಳ ಪ್ರಸಾದವೇ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ 1831ರಲ್ಲಿ ಕನ್ನಡಕ್ಕೆ ಬರುವ ಹೊತ್ತಿಗೆ ಈ ಪದ ಗುಡಿಯಲ್ಲೂ ಮಠದಲ್ಲೂ ಚೆನ್ನಾಗಿ ಪಳಗಿತ್ತು.

ಕ್ರೈಸ್ತರ ಪರಿಮಳದ ಮಾತಿಗೆ ಬೇರು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಅವನ ಕಣ್ಣ ಮುಂದೆ ಇದ್ದದ್ದು ರೋಮಿನ ವಿಜಯದ ಮೆರವಣಿಗೆ. ಗೆದ್ದ ಸೇನಾಪತಿ ರಥದಲ್ಲಿ ಬರುತ್ತಾನೆ, ದಾರಿಯುದ್ದಕ್ಕೂ ಧೂಪ ಹೊಗೆಯಾಡುತ್ತದೆ, ಸೆರೆ ಸಿಕ್ಕವರನ್ನು ಎದುರಿಗೆ ನಡೆಸಿಕೊಂಡು ಬರುತ್ತಾರೆ. ಅದೇ ಹೊಗೆ ಗೆದ್ದವನ ಮೂಗಿಗೆ ಹಬ್ಬ. ಮೆರವಣಿಗೆ ಮುಗಿದೊಡನೆ ಕೊಲೆಯಾಗಲಿರುವ ಸೆರೆಯಾಳಿಗೆ ಸಾವಿನ ಸುಳಿವು. ನಾವು ಅಂಥ ವಾಸನೆ, ಕೆಲವರಿಗೆ ಜೀವದ್ದು, ಕೆಲವರಿಗೆ ಮರಣದ್ದು ಎಂದು ಪೌಲ ಬರೆಯುತ್ತಾನೆ. ಬೀಳ್ಕೊಡುಗೆಯ ಭಾಷಣಗಳಲ್ಲಿ ಮೊದಲರ್ಧ ಮಾತ್ರ ಕೇಳಿಸುತ್ತದೆ. ಮಾಲೆ ಹಾಕುವ ಹೊತ್ತಿನಲ್ಲಿ ಮರಣದ ವಾಸನೆಯ ಮಾತೆತ್ತುವ ಧೈರ್ಯ ಯಾರಿಗಿದ್ದೀತು?

ಮುಳ್ಳೇರಿಯದ ಸುತ್ತಿನ ಜನಕ್ಕೆ ಆ ದ್ವಿತೀಯಾರ್ಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಗೇರು ಹೂ ಬಿಡುವಾಗ ಗುಡ್ಡೆಯಿಡೀ ಸಿಹಿಯಾಗಿ ಘಮ್ಮೆನ್ನುತ್ತದೆ. ಟೀ ಸೊಳ್ಳೆ ಎಂಬ ಕೀಟ ಎರಗುವುದೂ ಆ ದಿನಗಳಲ್ಲೇ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಪ್ಲಾಂಟೇಶನ್ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಈ ಕೀಟವನ್ನು ಕೊಲ್ಲಲೆಂದು. ಕಾರಡ್ಕ, ಮುಳಿಯಾರು, ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆ, ಎಲ್ಲ ಕಡೆಯೂ. ತೋಟದ ಲೆಕ್ಕಪುಸ್ತಕಕ್ಕೆ ಅದು ಫಸಲು; ಗುಡ್ಡೆಯ ಬುಡದಲ್ಲಿ ತೋಡಿನ ನೀರು ಕುಡಿದ ಮನೆಗಳಿಗೆ ವಿಷ. ಪತ್ರಕರ್ತ ಶ್ರೀಪಡ್ರೆ 1979ರಷ್ಟು ಹಿಂದೆಯೇ ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದರು. ವಾಣೀನಗರದ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ವಿಚಿತ್ರವಿದೆ ಎಂದು ಗಮನಿಸಿ ಕೂಗೆಬ್ಬಿಸಿದರು. ಪೆರಿಯದ ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ದೇಶವ್ಯಾಪಿ ನಿಷೇಧಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂದದ್ದು 2011ರ ಮೇ ತಿಂಗಳಲ್ಲಿ. ಇವರಲ್ಲಿ ಯಾರೂ ಪೌಲನ ಪತ್ರ ಓದಿಕೊಂಡು ಹೊರಟವರಲ್ಲ. ಆದರೂ ಪೌಲನ ಆ ವಾಕ್ಯಕ್ಕೆ ಈ ಸೀಮೆಯಲ್ಲಿ ಉದಾಹರಣೆ ಬೇಕೆಂದರೆ ಮೊದಲು ನೆನಪಾಗುವವರು ಇವರೇ: ಕೆಲವರ ಪಾಲಿಗೆ ಜೀವ ತಂದವರು, ಕೆಲವರ ಕಣ್ಣಿಗೆ ಪೀಡೆಯಾದವರು.

ಸುವಾರ್ತೆಯಲ್ಲಿ ಬರುವ ಬೇಥಾನ್ಯದ ಊಟದ ಮನೆಯ ಪರಿಮಳದ ಕಥೆ ಬೇರೆ ಬಗೆಯದು. ಮರಿಯಳು ಒಂದು ಲಿತ್ರ, ಅಂದರೆ ಸುಮಾರು 330 ಗ್ರಾಂ ಅಚ್ಚ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಕ್ಕೆ ಹಚ್ಚಿದಾಗ ಮನೆಯೆಲ್ಲ ಪರಿಮಳ ತುಂಬಿತು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಜಟಾಮಾಂಸಿ ನಮ್ಮ ಹಿಮಾಲಯದ ಗಿಡ. ಅದರ ಬೇರು ಹಡಗು ಹತ್ತಿ, ಒಂಟೆಯೇರಿ ಯೂದಾಯ ತಲುಪಬೇಕಿತ್ತು. ಬೆಲೆಯೂ ಅದಕ್ಕೆ ತಕ್ಕದ್ದೇ: 300 ದಿನಾರಿ. ಕೂಲಿಯವನಿಗೆ ದಿನಕ್ಕೆ ಒಂದು ದಿನಾರಿ ಸಿಗುತ್ತಿದ್ದ ಕಾಲ ಅದು. ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಶಿಷ್ಯ ಯೂದ ಕೇಳಿದ. ಅವನ ಉದ್ದೇಶ ಕಳ್ಳತನದ್ದು ಎಂದು ಸುವಾರ್ತೆ ಬರೆದವರು ಷರಾ ಹಾಕಿದ್ದಾರೆ, ನಿಜ. ಪ್ರಶ್ನೆಯನ್ನು ಅಷ್ಟಕ್ಕೇ ತಳ್ಳಿಹಾಕಲು ಬಾರದು. ಪ್ರವಾದಿ ಆಮೋಸನ ದೇವರು, ನಿಮ್ಮ ಹಬ್ಬಗಳ ಗಂಧವೇ ನನಗೆ ಬೇಡ, ನ್ಯಾಯ ನೀರಿನಂತೆ ಹರಿಯಲಿ ಎಂದವನು. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರದ ಧೂಪಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದೆ; ಕೊನೆಯಲ್ಲಿ ಒಂದು ಕಟ್ಟಳೆ, ತಾನೇ ಮೂಸಿ ಸುಖಿಸಲೆಂದು ಇದನ್ನು ಮಾಡಿಕೊಂಡವನಿಗೆ ಬಹಿಷ್ಕಾರ. ಸ್ವಂತಕ್ಕೆ ಧೂಪವಿಲ್ಲ.

ಕೆಥೊಲಿಕ್ ಇಗರ್ಜಿಯಲ್ಲಿ ಪರಿಮಳ ಇನ್ನೂ ಮೂಗಿಗೆ ಸಿಗುವ ವಸ್ತು. ಹಬ್ಬದ ಪೂಜೆಯಲ್ಲಿ ಧೂಪದ ಹೊಗೆ. ಪವಿತ್ರ ವಾರದಲ್ಲಿ ಬಿಷಪರು ಆಲಿವ್ ಎಣ್ಣೆಗೆ ಬಾಲ್ಸಮ್ ಎಂಬ ಸುಗಂಧದ ಅಂಟು ಬೆರೆಸಿ ಕ್ರಿಸ್ಮಾ ತೈಲವನ್ನು ಮಂತ್ರಿಸುತ್ತಾರೆ. ದೀಕ್ಷಾಸ್ನಾನವಾದ ಮಗುವಿನ ನೆತ್ತಿಗೂ ಹೊಸ ಪಾದ್ರಿಯ ಅಂಗೈಗೂ ಹಚ್ಚುವುದು ಅದನ್ನೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಪ್ರಾರ್ಥನಾಲಯಗಳಲ್ಲಿ ಧೂಪವಿಲ್ಲ. ಅಲ್ಲಿ ಪರಿಮಳ ಪೂರ್ತಿಯಾಗಿ ಮಾತಿನೊಳಗೆ ವಲಸೆ ಹೋಯಿತು. ಆದರೆ ಅವರಿಗೆ ಅದಕ್ಕಿಂತ ಹತ್ತಿರದ ಪದ ‘ಸಾಕ್ಷಿ’. ಸಾಕ್ಷಿ ಕೋರ್ಟಿನಿಂದ ಬಂದದ್ದು. ನಿಂತು, ಬಾಯಿ ಬಿಟ್ಟು, ಕೇಳಿದವರ ಎದುರು ಹೇಳುವಂಥದ್ದು. ಪರಿಮಳಕ್ಕೆ ಬಾಯಿಲ್ಲ. ಮೈಗೆ ಹಚ್ಚಿಕೊಂಡವರ ಮೂಗು ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಒಗ್ಗಿಹೋಗುತ್ತದೆ, ತನ್ನ ವಾಸನೆ ತನಗೇ ತಿಳಿಯುವುದಿಲ್ಲ. ತೀರ್ಪು ಏನಿದ್ದರೂ ನೆರೆಯವರದು. ಹಾಗಾಗಿ ‘ನಾನು ಪರಿಮಳ ಬೀರುತ್ತಿದ್ದೇನೆ’ ಎಂದು ಯಾರೂ ಹೇಳಿಕೊಳ್ಳುವಂತಿಲ್ಲ, ಹೇಳಿಕೊಂಡರೆ ಅದು ಅತ್ತರಿನ ವ್ಯಾಪಾರ.

ಮಂಗಳೂರಿನ ಕಂಕನಾಡಿಯಲ್ಲಿ ಪರಿಮಳ ಎಂಬ ಈ ಪದಕ್ಕೆ ನೇರ ಪರೀಕ್ಷೆ ನಡೆಯಿತು. 1878ರ ಕೊನೆಯಲ್ಲಿ ಬಂದಿಳಿದ ಜೆಸ್ವಿತರ ಗುಂಪಿನಲ್ಲಿದ್ದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠ ರೋಗಿಗಳಿಗೆ ಆಶ್ರಯ ಕಟ್ಟಿದರು. ಕುಷ್ಠಕ್ಕೆ ನೆಚ್ಚಬಹುದಾದ ಮದ್ದು ಬರಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು. ಆಗಿನ ಕುಷ್ಠದ ಕೋಣೆಯಲ್ಲಿ ಮೂಗಿಗೆ ಬಡಿಯುತ್ತಿದ್ದದ್ದು ಕೊಳೆತ ಹುಣ್ಣಿನ ನಾತ. ಕ್ರಿಸ್ತನ ಪರಿಮಳ ಎಂದು ಜನ ಕರೆಯುವುದು ಆ ನಾತದ ನಡುವೆ ದಿನವೂ ಕೂತು ಗಾಯ ತೊಳೆಯುವುದನ್ನು. ಅಲ್ಲಿ ಅಮರಸಿಂಹನ ಅರ್ಥ ಸರಿಹೊಂದುತ್ತದೆ. ತೇಯದೆ ಏನೂ ಏಳಲಿಲ್ಲ. ಮುಲ್ಲರ್ 1910ರಲ್ಲಿ ತೀರಿಕೊಂಡರು. ಮುಳ್ಳೇರಿಯದ ಕಡೆಯವರು ದೊಡ್ಡ ಕಾಯಿಲೆ ಬಂದರೆ ಇಂದಿಗೂ ಬಸ್ಸು ಹತ್ತುವ ಮಂಗಳೂರಿನ ಆಸ್ಪತ್ರೆಗಳಲ್ಲಿ ಅವರ ಹೆಸರಿನದೂ ಒಂದು.

ಪರಿಮಳ ಇಗರ್ಜಿಯ ಗೋಡೆಯೊಳಗೇ ನಿಂತದ್ದೂ ಇಲ್ಲ. ಇದೇ ಜಿಲ್ಲೆಯ ಮಂಜೇಶ್ವರದ ಕವಿ ಗೋವಿಂದ ಪೈಗಳು, ಗೌಡ ಸಾರಸ್ವತರಾಗಿದ್ದೂ, ಯೇಸುವಿನ ಕಡೆಯ ದಿನದ ಮೇಲೆ ‘ಗೊಲ್ಗೊಥಾ’ ಕಾವ್ಯ ಬರೆದರು.

ಹೂವಿನ ಲೆಕ್ಕ ಇನ್ನೂ ಬಾಕಿ ಇದೆ. ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಿತ್ತಿಲ ಹೂ, ಬೇಲಿಯ ಹೂ, ವಾಸನೆಯಿಲ್ಲದ ದಾಸವಾಳವೂ ನಡೆಯುತ್ತದೆ. ಮದುವೆಗೆ ಮಾತ್ರ ಮಲ್ಲಿಗೆಯೇ ಬೇಕು. ಉಡುಪಿ ಬಳಿಯ ಶಂಕರಪುರದಲ್ಲಿ ಅದನ್ನು ಬೆಳೆಯುವ ಮನೆಗಳಲ್ಲಿ ಕ್ರೈಸ್ತರವೂ ಬಹಳ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಅಟ್ಟೆಯ ದರ ಸಾವಿರ ದಾಟಿದರೆ ಚಪ್ಪರದಡಿ ಯಾರಾದರೊಬ್ಬರು ಯೂದನ ಪ್ರಶ್ನೆಯನ್ನು ಕೇಳಿಯೇ ಬಿಡುತ್ತಾರೆ: ಇಷ್ಟು ದುಡ್ಡು ಹೂವಿಗೆ ಯಾಕೆ, ಬಡವರಿಗೆ ಕೊಡಬಾರದೇ? ಆ ಚರ್ಚೆಯಲ್ಲಿ, ಬೆಳಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿದ ಹೆಂಗಸರ ಮಾತೂ ಬರಬೇಕು. ಶಂಕರಪುರದ ಕಡೆ ಎಷ್ಟೋ ಮನೆಯ ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಮಲ್ಲಿಗೆಯ ದುಡ್ಡಿನಿಂದಲೇ.